ಕ್ಯೋಟೊ: ಸೂಜಿಗೂ ಆಟಕ್ಕೂ ಒಂದೇ ಚೌಕ

ಜಪಾನಿನ ಕ್ಯೋಟೊ ನಗರದ ನಕ್ಷೆಯನ್ನು ಬಿಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಚೌಕಗಳು. ಕ್ರಿ.ಶ. 794ರಲ್ಲಿ ಇದನ್ನು ರಾಜಧಾನಿಯಾಗಿ ಕಟ್ಟುವಾಗ ಚೀನಾದ ಚಾಂಗಾನ್ ನಗರವನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಉತ್ತರದಿಂದ ದಕ್ಷಿಣಕ್ಕೆ ಒಂದಷ್ಟು ಬೀದಿಗಳು, ಪೂರ್ವದಿಂದ ಪಶ್ಚಿಮಕ್ಕೆ ಒಂದಷ್ಟು ಬೀದಿಗಳು. ಎಲ್ಲವೂ ಗೆರೆ ಎಳೆದಂತೆ ನೇರ. ಇಂದಿಗೂ ಅಲ್ಲಿಯ ಜನ ವಿಳಾಸ ಹೇಳುವಾಗ ಎರಡು ಬೀದಿಗಳು ಕೂಡುವ ಮೂಲೆಯ ಹೆಸರು ಹೇಳುತ್ತಾರೆ. ಜಪಾನಿಗರು ತಮ್ಮ ಈ ಊರನ್ನು 'ಗೋ' ಆಟದ ಹಲಗೆಗೆ ಹೋಲಿಸುತ್ತಾರೆ. ಹೊಲಿಗೆ ಕಲಿತ ನಮ್ಮಂತಹ ಹೆಂಗಸರಿಗೆ ಅದು ಹರವಿಟ್ಟ ಮ್ಯಾಟಿ ಬಟ್ಟೆಯಂತೆ ಕಾಣುತ್ತದೆ.

ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಈ ಊರಿಗೆ ಪ್ರವಾಸಿಗರು ಬರುವುದು ಹೆಚ್ಚಾಗಿ ಹಳೆಯ ಮಂದಿರಗಳನ್ನು, ಉದ್ಯಾನಗಳನ್ನು, ವಸಂತದಲ್ಲಿ ಅರಳುವ ಚೆರ್ರಿ ಹೂಗಳನ್ನು ನೋಡಲು. ಪತಿಗೆ ಒಸಾಕಾದಲ್ಲಿ ಕಂಪೆನಿಯ ಕೆಲಸವಿತ್ತು. 2025ರ ಏಪ್ರಿಲ್‌ನಲ್ಲಿ ಮಗನ ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಅವರ ಜೊತೆ ಹೊರಟೆವು. ಒಸಾಕಾದಿಂದ ಕ್ಯೋಟೊಗೆ ರೈಲಿನಲ್ಲಿ ಅರ್ಧ ಗಂಟೆ. ಕೈಯಲ್ಲಿದ್ದದ್ದು ಎರಡು ದಿನ. ಹದಿನಾಲ್ಕರ ಮಗನಿಗೆ ನಿಂಟೆಂಡೊ ಎಂಬ ವಿಡಿಯೋ ಗೇಮ್ ಕಂಪೆನಿಯ ವಸ್ತು ಸಂಗ್ರಹಾಲಯ ನೋಡಬೇಕಿತ್ತು. ನನಗೆ ನಿಶಿಜಿನ್ ಎಂಬ ನೇಕಾರರ ಕೇರಿ ನೋಡಬೇಕಿತ್ತು. ಒಂದು ದಿನ ಅವನಿಗೆ, ಒಂದು ದಿನ ನನಗೆ ಎಂದು ಮೊದಲೇ ಹಂಚಿಕೊಂಡಿದ್ದೆವು. ನೋಡಿ ಮುಗಿಸಿದಾಗ ಆ ಎರಡು ದಿನಗಳು ಬೇರೆ ಬೇರೆಯಾಗಿ ಉಳಿಯಲಿಲ್ಲ.

ಉಗುರಿನಿಂದ ನೇಯುವವರು

ನಿಶಿಜಿನ್ ಎಂದರೆ 'ಪಶ್ಚಿಮದ ಶಿಬಿರ' ಎಂದರ್ಥ. 1467ರಿಂದ 1477ರವರೆಗೆ ಕ್ಯೋಟೊದಲ್ಲಿ ಹತ್ತು ವರ್ಷಗಳ ಘೋರ ಯುದ್ಧ ನಡೆಯಿತು. ನಗರದ ಬಹುಭಾಗ ಸುಟ್ಟು ಬೂದಿಯಾಯಿತು. ನೇಕಾರರು ಬೇರೆ ಊರುಗಳಿಗೆ ಓಡಿಹೋದರು. ಯುದ್ಧ ಮುಗಿದು ಮರಳಿ ಬಂದವರು ಹಿಂದೆ ಪಶ್ಚಿಮದ ಸೇನೆ ಬೀಡುಬಿಟ್ಟಿದ್ದ ಜಾಗದಲ್ಲಿ ಮಗ್ಗ ಹೂಡಿದರು. ಹೀಗೆ ಒಂದು ಸೈನ್ಯದ ಬಿಡಾರದ ಹೆಸರು ರೇಷ್ಮೆ ಬಟ್ಟೆಯ ಹೆಸರಾಗಿ ಉಳಿಯಿತು.

ಇಲ್ಲಿಯ ಹಳೆಯ ಮನೆಗಳು ಮರದವು. ಬೀದಿಗೆ ಕಾಣುವ ಮುಖ ಕಿರಿದು, ಒಳಗೆ ಹೋದಂತೆ ಉದ್ದಕ್ಕೆ ಸಾಗುತ್ತದೆ. ಇಂತಹ ಮನೆಯನ್ನು ಅಲ್ಲಿಯವರು 'ಹಾವುಮೀನಿನ ಹಾಸಿಗೆ' ಎಂದು ತಮಾಷೆಯಾಗಿ ಕರೆಯುತ್ತಾರೆ. ನೇಕಾರರ ಮನೆಗಳಲ್ಲಿ ಮಗ್ಗ ಇರುವುದು ಹಿಂಬದಿಯ ಎತ್ತರದ ಕೋಣೆಯಲ್ಲಿ. ಒಂದು ಕಾಲಕ್ಕೆ ಈ ಗಲ್ಲಿಗಳಲ್ಲಿ ನಡೆದರೆ ಎರಡೂ ಕಡೆಯಿಂದ ಮಗ್ಗದ ಸದ್ದು ಕೇಳುತ್ತಿತ್ತಂತೆ. ನಾವು ನಡೆದ ಗಲ್ಲಿಗಳಲ್ಲಿ ಒಂದೆರಡು ಕಡೆ ಮಾತ್ರ ಕೇಳಿತು. ಕಿಮೊನೊ ಉಡುವವರು ಕಡಿಮೆಯಾಗಿದ್ದಾರೆ. ಮಗ್ಗದ ಮುಂದೆ ಕೂರುವವರಿಗೆ ವಯಸ್ಸಾಗಿದೆ. ಆ ಜಾಗದಲ್ಲಿ ಕೂರಲು ಮಕ್ಕಳು ಬರುತ್ತಿಲ್ಲ. ಇಳಕಲ್ಲಿನ ನೇಕಾರರನ್ನು ಕೇಳಿದರೂ ಇದೇ ಮಾತು ಹೇಳಿಯಾರು.

ಹೋರಿಕಾವಾ ಬೀದಿ ಮತ್ತು ಇಮಾದೆಗಾವಾ ಬೀದಿ ಕೂಡುವಲ್ಲಿ ನಿಶಿಜಿನ್ ನೇಯ್ಗೆಯ ಭವನವಿದೆ. ಇಲ್ಲಿಯ ಒಂದು ಬಗೆಯ ನೇಯ್ಗೆಯಲ್ಲಿ ಲಾಳಿಗಿಂತ ಹೆಚ್ಚು ಕೆಲಸ ಮಾಡುವುದು ಬೆರಳಿನ ಉಗುರು. ನೇಕಾರರು ತಮ್ಮ ಉಗುರಿನ ತುದಿಯನ್ನು ಅರದಿಂದ ಉಜ್ಜಿ ಗರಗಸದ ಹಲ್ಲಿನಂತೆ ಮಾಡಿಕೊಳ್ಳುತ್ತಾರೆ. ಬಣ್ಣದ ಎಳೆಯನ್ನು ಹಾಕಿದ ಮೇಲೆ ಆ ಹಲ್ಲುಗಳಿಂದಲೇ ಎಳೆದು ಕೂರಿಸುತ್ತಾರೆ. ವಿನ್ಯಾಸ ಸೂಕ್ಷ್ಮವಾಗಿದ್ದರೆ ಒಂದಿಡೀ ದಿನ ಕೂತರೂ ಬಟ್ಟೆ ಬೆರಳಗಲ ಬೆಳೆದರೆ ಹೆಚ್ಚು.

ನನ್ನ ಮಗನನ್ನು ಹಿಡಿದು ನಿಲ್ಲಿಸಿದ್ದು ಉಗುರಲ್ಲ, ಒಂದು ಕಾಗದ. ನಿಶಿಜಿನ್‌ನ ಹೆಚ್ಚಿನ ನೇಯ್ಗೆಗಳಲ್ಲಿ ಹೂವನ್ನು ನೇರವಾಗಿ ಮಗ್ಗಕ್ಕೆ ಏರಿಸುವುದಿಲ್ಲ. ಮೊದಲು ಅದನ್ನು ಚೌಕಗಳಿರುವ ಕಾಗದದ ಮೇಲೆ ಬಿಡಿಸುತ್ತಾರೆ. ಹಾಸು ಮತ್ತು ಹೊಕ್ಕು ಎಲ್ಲಿ ಕೂಡುತ್ತವೆಯೋ ಅದಕ್ಕೆ ಒಂದು ಚೌಕ. ಒಂದೊಂದು ಚೌಕಕ್ಕೂ ಒಂದು ಬಣ್ಣ. ಆ ಕಾಗದವನ್ನು ನೋಡಿ ರಟ್ಟಿನ ಪಟ್ಟಿಗಳಲ್ಲಿ ತೂತು ಕೊರೆಯುತ್ತಾರೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹಲವು ಹೊತ್ತು ಅದನ್ನೇ ನೋಡುತ್ತಾ ನಿಂತ ಮಗ ಕೊನೆಗೆ ಹೇಳಿದ, "ಉಮ್ಮಾ, ಇದು ಪಿಕ್ಸೆಲ್ ಅಲ್ವಾ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ತೂತಿನ ರಟ್ಟಿನಿಂದ ಮಗ್ಗ ನಡೆಸುವ ಈ ವಿಧಾನವನ್ನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ಬಳಕೆಗೆ ತಂದರು. ಕಂಪ್ಯೂಟರಿನ ಇತಿಹಾಸ ಬರೆಯುವವರು ಈ ರಟ್ಟನ್ನು ಮರೆಯುವುದಿಲ್ಲ. ಯಾಕೆಂದರೆ ಯಂತ್ರಕ್ಕೆ 'ಹೌದು' ಮತ್ತು 'ಇಲ್ಲ' ಎಂಬ ಎರಡೇ ಮಾತಿನಲ್ಲಿ ಅಪ್ಪಣೆ ಕೊಡುವ ಉಪಾಯ ಹೀಗೆ ಪ್ರಸಿದ್ಧವಾಯಿತು. 1868ರ ನಂತರ ರಾಜಧಾನಿ ಟೋಕಿಯೊಗೆ ಹೋಗಿ ಕ್ಯೋಟೊದ ವ್ಯಾಪಾರ ಕುಸಿದಾಗ, 1872ರಲ್ಲಿ ಇಲ್ಲಿಂದ ಮೂವರನ್ನು ಲಿಯೋನ್‌ಗೆ ಕಳುಹಿಸಿದರು. ಅವರ ಮೂಲಕ ಜಕಾರ್ಡ್ ಮಗ್ಗ ನಿಶಿಜಿನ್ ತಲುಪಿತು. ಆ ಮೂವರಲ್ಲಿ ಒಬ್ಬರು ಮರಳಿ ಬರುವಾಗ ಹಡಗು ಮುಳುಗಿ ತೀರಿಹೋದರು. ಒಂದು ಕೇರಿಯ ಕಸುಬು ಉಳಿಯಲೆಂದು ಹೊರಟವರು ಇನ್ನೇನು ಮನೆ ಮುಟ್ಟುವ ಹೊತ್ತಿಗೆ, ಜಪಾನಿನ ಕಡಲತೀರದ ಹತ್ತಿರವೇ ಕಳೆದುಹೋದರು. ಇಂದು ಇಲ್ಲಿಯ ಹೆಚ್ಚಿನ ವಿನ್ಯಾಸಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಆದರೆ ಚೌಕ ಮಾತ್ರ ಹಾಗೆಯೇ ಇದೆ.

ಇಸ್ಪೀಟಿನಂಗಡಿಯ ಮೊಮ್ಮಕ್ಕಳು

ಮರುದಿನ ಮಗನ ಸರದಿ. ನಿಂಟೆಂಡೊ ಕೂಡ ಕ್ಯೋಟೊದ್ದೇ ಎಂಬುದು ಹಲವರಿಗೆ ತಿಳಿದಿರಲಾರದು. 1889ರಲ್ಲಿ ಫುಸಾಜಿರೊ ಯಮಾಉಚಿ ಎಂಬವರು ಈ ಊರಿನಲ್ಲಿ ಹನಫುಡಾ ಎಂಬ ಎಲೆಗಳನ್ನು ತಯಾರಿಸುವ ಅಂಗಡಿ ತೆರೆದರು. ಹನಫುಡಾ ಎಂದರೆ ಹೂವಿನ ಎಲೆ. ತಿಂಗಳಿಗೆ ನಾಲ್ಕರಂತೆ ಹನ್ನೆರಡು ತಿಂಗಳಿಗೆ ನಲವತ್ತೆಂಟು ಎಲೆಗಳು. ಒಂದೊಂದು ತಿಂಗಳಿಗೂ ಒಂದೊಂದು ಹೂವು ಅಥವಾ ಮರ. ಮನೆಯವರ ಆಟಕ್ಕೂ ಜೂಜಿಗೂ ಅದು ಬಳಕೆಯಾಗುತ್ತಿತ್ತು. 1930ರಲ್ಲಿ ಕಟ್ಟಿದ ಕಂಪೆನಿಯ ಹಳೆಯ ಕಚೇರಿ ಕಾಮೊ ನದಿಯಿಂದ ಸ್ವಲ್ಪ ದೂರದಲ್ಲಿ ಇಂದಿಗೂ ಇದೆ. 2022ರಿಂದ ಅದು ಹೋಟೆಲ್ ಆಗಿದೆ.

ವಸ್ತು ಸಂಗ್ರಹಾಲಯ ಇರುವುದು ಕ್ಯೋಟೊದ ದಕ್ಷಿಣಕ್ಕೆ, ಹಸಿರು ಚಹಾಕ್ಕೆ ಹೆಸರಾದ ಉಜಿ ಎಂಬ ಊರಿನಲ್ಲಿ. ಕ್ಯೋಟೊ ನಿಲ್ದಾಣದಿಂದ ಕಿಂಟೆತ್ಸು ರೈಲಿನಲ್ಲಿ ಒಗುರಾ ನಿಲ್ದಾಣಕ್ಕೆ ಹೋಗಿ ಕೆಲವು ನಿಮಿಷ ನಡೆದರೆ ಸಾಕು. 1969ರಲ್ಲಿ ಕಟ್ಟಿದ ಕಂಪೆನಿಯ ಕಾರ್ಖಾನೆಯನ್ನೇ ಸಂಗ್ರಹಾಲಯವಾಗಿ ಮಾರ್ಪಡಿಸಿ 2024ರ ಅಕ್ಟೋಬರ್ 2ರಂದು ತೆರೆದರು. ಇಲ್ಲಿ ಬಾಗಿಲಲ್ಲಿ ಟಿಕೆಟ್ ಸಿಗುತ್ತದೆಂದು ನಂಬಿ ಯಾರೂ ಹೋಗಬಾರದು. ಮುಂಚಿತವಾಗಿ ಹೆಸರು ನೋಂದಾಯಿಸಬೇಕು, ಚೀಟಿ ಎತ್ತಿದಂತೆ ಆಯ್ಕೆ ನಡೆಯುತ್ತದೆ. ನಮಗಾಗಿ ಮಗನೇ ತಿಂಗಳುಗಳ ಮೊದಲು ಕೂತು ಎಲ್ಲವನ್ನೂ ಮಾಡಿಟ್ಟಿದ್ದ. ಒಳಗೆ ಒಬ್ಬೊಬ್ಬರಿಗೆ ಹತ್ತು 'ನಾಣ್ಯ' ಇರುವ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ಖರ್ಚು ಮಾಡಿ ಕೆಳಗಿನ ಅಂತಸ್ತಿನಲ್ಲಿ ಆಟವಾಡಬಹುದು. ಮೇಲಿನ ಅಂತಸ್ತಿನಲ್ಲಿ ಹಳೆಯ ಎಲೆಗಳಿಂದ ಇತ್ತೀಚಿನ ಯಂತ್ರಗಳವರೆಗೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಜನ ಮೊಬೈಲ್ ಒಳಗಿಟ್ಟು ಕಣ್ಣಿನಿಂದಲೇ ನೋಡುತ್ತಾರೆ. ಅದೂ ಒಂದು ಲಾಭವೇ.

ಆ ಸಾಲಿನಲ್ಲಿ ಕೆಂಪು ಬಿಳಿ ಬಣ್ಣದ ಒಂದು ಪೆಟ್ಟಿಗೆ ಇತ್ತು. 1983ರ ಜುಲೈಯಲ್ಲಿ ಜಪಾನಿನ ಪೇಟೆಗೆ ಬಂದ 'ಫ್ಯಾಮಿಕಾಮ್'. ಅದನ್ನು ನೋಡಿದಾಗ ನನಗೆ ನೆನಪಾದದ್ದು ಜಪಾನ್ ಅಲ್ಲ, ನನ್ನ ತವರುಮನೆ.

ಒಂದೇ ಮನೆಯ ಎರಡು ಕೋಣೆ

ಇದೇ ಪೆಟ್ಟಿಗೆಯ ನಕಲುಗಳು ತೊಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬರುವವರ ಸಾಮಾನಿನ ಜೊತೆ ನಮ್ಮ ಕರಾವಳಿಯ ಮನೆಗಳಿಗೆ ಬಂದವು. ನಾವು ಅದನ್ನು 'ಟಿ.ವಿ. ಗೇಮ್' ಎನ್ನುತ್ತಿದ್ದೆವು. ನನ್ನ ಉಪ್ಪ ದಮ್ಮಾಮಿನಿಂದ ಬಂದಾಗ ಒಂದನ್ನು ತಂದಿದ್ದರು. ಅಣ್ಣ ಮತ್ತು ಅವನ ಗೆಳೆಯರು ನಡುಕೋಣೆಯಲ್ಲಿ ಟಿ.ವಿ.ಯ ಮುಂದೆ ಕೂತು ಮೀಸೆಯ ಮಾರಿಯೊನನ್ನು ಓಡಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ನಾನು, ಅಕ್ಕ, ಪಕ್ಕದ ಮನೆಯ ಹುಡುಗಿಯರು ಮ್ಯಾಟಿ ಬಟ್ಟೆ ಹಿಡಿದು ದಿಂಬಿನ ಕವರಿಗೆ ಕ್ರಾಸ್ ಸ್ಟಿಚ್ ಹಾಕುತ್ತಿದ್ದೆವು. ಅಕ್ಕನ ಮದುವೆಗೆ ಬೇಕಾದ ಕವರುಗಳು. ಹುಡುಗರಿಗೆ ಆಟ, ಹುಡುಗಿಯರಿಗೆ ಸೂಜಿ. ಯಾರೂ ಹಾಗೆಂದು ಕಾನೂನು ಮಾಡಿರಲಿಲ್ಲ, ಆದರೂ ಹಾಗೆಯೇ ನಡೆಯುತ್ತಿತ್ತು. ನಡುಕೋಣೆಯಲ್ಲಿ ಗೆದ್ದರೆ ಬೊಬ್ಬೆ ಏಳುತ್ತಿತ್ತು. ಒಳಕೋಣೆಯಲ್ಲಿ ಹೂವು ಮುಗಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡೂ ಕೋಣೆಗಳಲ್ಲಿ ನಡೆಯುತ್ತಿದ್ದದ್ದು ಚೌಕಗಳ ಕೆಲಸವೇ ಎಂಬುದು ಉಜಿಯ ಆ ಸಾಲಿನ ಮುಂದೆ ನಿಂತಾಗ ಸ್ಪಷ್ಟವಾಗಿ ಕಂಡಿತು. ಅಣ್ಣನ ಟಿ.ವಿ.ಯಲ್ಲಿದ್ದ ಮೋಡ ಮತ್ತು ನನ್ನ ಬಟ್ಟೆಯಲ್ಲಿದ್ದ ಗುಲಾಬಿ ಒಂದೇ ರೀತಿಯಲ್ಲಿ ಹುಟ್ಟಿದವು. ಗೋಡೆ ಒಂದು ಅಡ್ಡ ಇತ್ತು, ಅಷ್ಟೆ.

ಹದಿನಾರು ಚೌಕದೊಳಗೆ ಒಬ್ಬ ಮನುಷ್ಯ

ಹಳೆಯ ಆಟಗಳಲ್ಲಿ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರಕ್ಕೆ 'ಸ್ಪ್ರೈಟ್' ಎನ್ನುತ್ತಾರೆ. ಹಿನ್ನೆಲೆ ಬೇರೆ, ಸ್ಪ್ರೈಟ್ ಬೇರೆ. ಫ್ಯಾಮಿಕಾಮ್ ಯಂತ್ರದಲ್ಲಿ ಎಲ್ಲ ಚಿತ್ರಗಳನ್ನೂ ಎಂಟಕ್ಕೆ ಎಂಟು ಚೌಕದ ತುಂಡುಗಳಿಂದ ಜೋಡಿಸಬೇಕಿತ್ತು. ಒಂದು ಸ್ಪ್ರೈಟ್ ತುಂಡಿಗೆ ಮೂರು ಬಣ್ಣ ಮಾತ್ರ. ನಾಲ್ಕನೆಯದು 'ಖಾಲಿ', ಅಂದರೆ ಹಿಂದಿನ ದೃಶ್ಯ ಕಾಣಲು ಬಿಟ್ಟ ಜಾಗ. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟ ಒಟ್ಟು 40 ಕಿಲೋಬೈಟಿನಲ್ಲಿ ಮುಗಿದಿತ್ತು. ಇಂದು ಮೊಬೈಲ್‌ನಲ್ಲಿ ತೆಗೆಯುವ ಒಂದೇ ಫೋಟೊ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಕೈಯಲ್ಲಿ ಇಷ್ಟೇ ಇದ್ದಾಗ ಏನು ಮಾಡುವುದು? ಕ್ಯೋಟೊ ಪ್ರಾಂತ್ಯದ ಸೊನೊಬೆ ಎಂಬಲ್ಲಿ 1952ರಲ್ಲಿ ಹುಟ್ಟಿದ ಶಿಗೆರು ಮಿಯಾಮೊಟೊ 1981ರ 'ಡಾಂಕಿ ಕಾಂಗ್' ಆಟಕ್ಕಾಗಿ ಮಾರಿಯೊನನ್ನು ರೂಪಿಸಿದರು. ಹದಿನಾರಕ್ಕೆ ಹದಿನಾರು ಚೌಕದಲ್ಲಿ ಒಬ್ಬ ಮನುಷ್ಯ ಮೂಡಬೇಕಿತ್ತು. ಕೂದಲು ಬಿಡಿಸಲು ಚೌಕ ಸಾಲದು, ಹಾಗಾಗಿ ತಲೆಗೆ ಟೋಪಿ. ಬಾಯಿ ಬಿಡಿಸಲು ಜಾಗವಿಲ್ಲ, ಮೂಗು ಎದ್ದು ಕಾಣಬೇಕು, ಹಾಗಾಗಿ ಮೀಸೆ. ಓಡುವಾಗ ಕೈ ಬೀಸುವುದು ಕಾಣಬೇಕಾದರೆ ಮೈಯ ಬಣ್ಣ ಬೇರೆ, ತೋಳಿನ ಬಣ್ಣ ಬೇರೆ ಇರಬೇಕು, ಹಾಗಾಗಿ ಕೂಲಿಯವರು ತೊಡುವ ಪಟ್ಟಿಯ ಉಡುಪು. ಲೋಕವೇ ಗುರುತಿಸುವ ಆ ಮುಖ ಹೀಗೆ ಕೊರತೆಯಿಂದ ಹುಟ್ಟಿತು. ಅದೇ ಆಟದ ಸರಣಿಯ ಇನ್ನೊಂದು ಉಪಾಯ ನಮಗೆ ಇನ್ನೂ ಹತ್ತಿರದ್ದು. 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬದಲು. ಒಂದೇ ನಮೂನೆಯನ್ನು ದಾರ ಬದಲಿಸಿ ಸೆರಗಿಗೂ ಅಂಚಿಗೂ ಬಳಸುವ ಹೆಣ್ಣುಮಗಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಗಣಕದ ಚಿತ್ರಕ್ಕೂ ಸೂಜಿಗೂ ಇರುವ ನಂಟು ಬಲ್ಲವರಿಗೆ ಮೊದಲೇ ಗೊತ್ತಿತ್ತು. 1984ರಲ್ಲಿ ಬಂದ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಪುಟ್ಟ ಚಿತ್ರಗಳನ್ನು ಬಿಡಿಸಿದ ಸೂಸನ್ ಕೇರ್, ಚೌಕದ ಪುಸ್ತಕದಲ್ಲಿ ಒಂದೊಂದೇ ಮನೆ ತುಂಬುತ್ತಾ ಆ ಕೆಲಸ ಮಾಡಿದರು. ಅದಕ್ಕೆ ಮೊದಲು ತಾವು ಮಾಡುತ್ತಿದ್ದ ಮೊಸಾಯಿಕ್ ಮತ್ತು ಕ್ಯಾನ್‌ವಾಸ್ ಕಸೂತಿಯ ಅಭ್ಯಾಸ ಇಲ್ಲಿ ಕೈಹಿಡಿಯಿತು ಎಂಬ ಅರ್ಥದ ಮಾತನ್ನು ಅವರು ಹೇಳಿದ್ದಾರೆ. 2001ರಲ್ಲಿ ಜಪಾನಿನ ಜಾಗ್ವಾರ್ ಎಂಬ ಹೊಲಿಗೆ ಯಂತ್ರದ ಕಂಪೆನಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರಕ್ಕೆ ಜೋಡಿಸಿ ಮಾರಿಯೊನ ಚಿತ್ರಗಳನ್ನು ತಾನಾಗಿಯೇ ಹೊಲಿಯುವ ವ್ಯವಸ್ಥೆಯನ್ನೂ ಪೇಟೆಗೆ ತಂದಿತ್ತು. ಅದು ಹೆಚ್ಚು ಪ್ರಚಾರವಾಗಲಿಲ್ಲ. ಜನ ಹಿಡಿದುಕೊಂಡದ್ದು ಕೈಸೂಜಿಯನ್ನೇ. ಎಂಬತ್ತರ ದಶಕದಲ್ಲಿ ಆಟವಾಡಿ ಬೆಳೆದ ಅಮೆರಿಕ, ಯುರೋಪುಗಳ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಬಾಲ್ಯದ ಸ್ಪ್ರೈಟ್‌ಗಳನ್ನು ಬಟ್ಟೆಯ ಮೇಲೆ ಹೊಲಿಯತೊಡಗಿದರು. ಅವರಲ್ಲಿ ಗಂಡಸರೂ ಬಹಳ ಮಂದಿ ಇದ್ದಾರೆ.

ಇಂದಿನ ಹೊಸ ಆಟಗಳ ಚಿತ್ರವನ್ನು ಹೀಗೆ ಹೊಲಿಯುವುದು ಸುಲಭವಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ನಮೂನೆ ಮಾಡಿಸಿ ಹತ್ತಾರು ಬಣ್ಣದ ದಾರ ಕೊಳ್ಳಬೇಕು. ಹಳೆಯ ಸ್ಪ್ರೈಟ್ ಹಾಗಲ್ಲ. ಅದು ಹುಟ್ಟುವಾಗಲೇ ಕಸೂತಿಯ ನಕ್ಷೆ. ಒಂದು ಪಿಕ್ಸೆಲ್‌ಗೆ ಒಂದು ಹೊಲಿಗೆ, ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಮಾಡುವುದು ಹೇಗೆ?

ಊರಿಗೆ ಮರಳಿದ ಮೇಲೆ ಮಗನೇ ಕೇಳಿದ, "ಉಮ್ಮಾ, ನಾವೂ ಒಂದು ಮಾಡೋಣವೇ?" ಊಟದ ಹೊತ್ತಿನಲ್ಲೂ 'ಹೂಂ', 'ಇಲ್ಲ' ಎಂಬ ಎರಡೇ ಉತ್ತರ ಕೊಡುವ ವಯಸ್ಸು ಅವನದು. ತಾನಾಗಿಯೇ ಬಂದು ಪಕ್ಕದಲ್ಲಿ ಕೂತದ್ದೇ ನನಗೆ ದೊಡ್ಡ ಸಂಗತಿ.

ಏನನ್ನು ಹೊಲಿಯುವುದೆಂಬ ಚರ್ಚೆ ನಡೆಯಿತು. ನಮ್ಮ ಮನೆಯಲ್ಲಿ, ನಮ್ಮಂತಹ ಹಲವು ಮನೆಗಳಲ್ಲಿಯೂ, ಮನುಷ್ಯ ಪ್ರಾಣಿಗಳ ಚಿತ್ರವನ್ನು ಗೋಡೆಗೆ ತೂಗುಹಾಕುವ ರೂಢಿಯಿಲ್ಲ. ಅದು ತೊಂದರೆಯಾಗಲೇ ಇಲ್ಲ. ಆ ಆಟಗಳಲ್ಲಿ ಇಟ್ಟಿಗೆ ಇದೆ, ನಾಣ್ಯ ಇದೆ, ಹಸಿರು ಕೊಳವೆ ಇದೆ, ಮೋಡ ಇದೆ, ಕೋಟೆ ಇದೆ. 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ 'ಟೆಟ್ರಿಸ್' ಆಟದಲ್ಲಂತೂ ಇರುವುದೇ ಚೌಕದ ತುಂಡುಗಳು. ಕೊನೆಗೆ ನಾವು ಆರಿಸಿದ್ದು ಮಾರಿಯೊ ತಲೆಯಿಂದ ಗುದ್ದಿ ನಾಣ್ಯ ಪಡೆಯುವ, ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ. ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು, ಒಟ್ಟು 256 ಚೌಕ. ದಾರ ಮೂರೇ ಬಣ್ಣ: ಕಿತ್ತಳೆ ಕಡೆಗೆ ವಾಲುವ ಹಳದಿ, ಕಂದು, ಕಪ್ಪು.

ಆಸಕ್ತಿ ಇರುವ ಸಹೋದರಿಯರಿಗಾಗಿ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಮ್ಯಾಟಿ ಬಟ್ಟೆ ಅಥವಾ ಅದನ್ನು ಹೋಲುವ 'ಐಡಾ' ಬಟ್ಟೆ ಸಾಕು. ಕೊಳ್ಳುವಾಗ ಇಂಚಿಗೆ ಎಷ್ಟು ಚೌಕ ಎಂದು ಕೇಳಿ. ಇಂಚಿಗೆ ಹನ್ನೊಂದು ಚೌಕವಿರುವ ಬಟ್ಟೆಯಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಹೊಲಿಗೆ ಹಾಕಿದರೆ ಈ ಪೆಟ್ಟಿಗೆ ಒಂದೂವರೆ ಇಂಚಿನ ಒಳಗೇ ಮುಗಿಯುತ್ತದೆ. ಕೀ ಗೊಂಚಲಿಗೆ, ಪುಸ್ತಕದ ಗುರುತಿಗೆ ಅದು ಸರಿ. ದಿಂಬಿಗೆ ಬೇಕಾದರೆ ಒಂದು ಪಿಕ್ಸೆಲ್ ಜಾಗದಲ್ಲಿ ನಾಲ್ಕಕ್ಕೆ ನಾಲ್ಕರಂತೆ ಹದಿನಾರು ಹೊಲಿಗೆ ಹಾಕಬೇಕು. ಆಗ ಅಗಲ 64 ಹೊಲಿಗೆ, ಅಂದರೆ ಆರು ಇಂಚಿಗೆ ಸ್ವಲ್ಪ ಕಡಿಮೆ. ಒಟ್ಟು ಹೊಲಿಗೆ 4096. ಮೊದಲ ಸಲಕ್ಕೆ ಚಿಕ್ಕದೇ ಒಳ್ಳೆಯದು.

ಸೂಜಿಯ ತುದಿ ಮೊಂಡಾಗಿರಲಿ, ಕಣ್ಣು ದೊಡ್ಡದಾಗಿರಲಿ. ಎಂಬ್ರಾಯಿಡರಿ ದಾರದ ಲಡಿಯಲ್ಲಿ ಆರು ಎಳೆಗಳಿರುತ್ತವೆ. ಇಂಚಿಗೆ ಹನ್ನೊಂದರ ಬಟ್ಟೆಗೆ ಮೂರು ಎಳೆ, ಹದಿನಾಲ್ಕರ ಬಟ್ಟೆಗೆ ಎರಡು ಎಳೆ ಸಾಕಾಗುತ್ತದೆ. ಬಟ್ಟೆಯನ್ನು ನಾಲ್ಕಾಗಿ ಮಡಚಿ ನಡುವನ್ನು ಗುರುತಿಸಿ, ನಕ್ಷೆಯ ನಡುವಿನಿಂದ ಆರಂಭಿಸಿ. ಗಂಟು ಹಾಕಬೇಡಿ. ದಾರದ ತುದಿಯನ್ನು ಹಿಂಬದಿಯ ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಬಿಡಿ. ಎಲ್ಲಕ್ಕಿಂತ ಮುಖ್ಯ, ಗುಣಾಕಾರದ ಚಿಹ್ನೆಯಂತಹ ಪ್ರತಿ ಹೊಲಿಗೆಯಲ್ಲಿ ಮೇಲೆ ಬರುವ ಎಳೆ ಕೊನೆಯವರೆಗೂ ಒಂದೇ ದಿಕ್ಕಿಗೆ ಇರಬೇಕು. ಇದು ತಪ್ಪಿದರೆ ಬೆಳಕು ಬಿದ್ದಾಗ ಒಂದೇ ಬಣ್ಣ ಎರಡು ಬಣ್ಣದಂತೆ ಕಾಣುತ್ತದೆ. ಹತ್ತು ಚೌಕಕ್ಕೊಂದರಂತೆ ಬೇರೆ ದಾರದಲ್ಲಿ ಗೆರೆ ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಆಟದ ಹಿನ್ನೆಲೆಯನ್ನೂ ಪೂರ್ತಿ ತುಂಬಬೇಕೆಂದಿದ್ದರೆ ಕ್ಯಾನ್‌ವಾಸ್ ಕಸೂತಿ ಮೇಲು. ಜಾಲರಿಯಂತಹ ಗಟ್ಟಿ ಕ್ಯಾನ್‌ವಾಸಿನ ಮೇಲೆ ಉಣ್ಣೆಯ ದಾರದಿಂದ ಓರೆಯಾದ ಅರ್ಧ ಹೊಲಿಗೆ ಹಾಕುತ್ತಾ ಒಂದು ಚೌಕವನ್ನೂ ಬಿಡದೆ ಮುಚ್ಚುತ್ತಾರೆ. ನೀಲಿ ಆಕಾಶವೂ ಹೊಲಿಗೆಯೇ ಆಗಿಬಿಡುತ್ತದೆ. ಕುರ್ಚಿಯ ಹಾಸಿಗೆ ಅದು ಬಾಳಿಕೆ ಬರುತ್ತದೆ. ಆದರೆ ಓರೆ ಹೊಲಿಗೆ ಕ್ಯಾನ್‌ವಾಸನ್ನು ಒಂದು ಕಡೆಗೆ ಎಳೆಯುತ್ತದೆ, ಹಾಗಾಗಿ ಚೌಕಟ್ಟಿಗೆ ಬಿಗಿದು ಹೊಲಿಯಬೇಕು. ಬಣ್ಣ ಆರಿಸುವುದು ಹಗಲು ಬೆಳಕಿನಲ್ಲಿ ಇರಲಿ. ಹಳೆಯ ಟಿ.ವಿ.ಯಲ್ಲಿ ಬಣ್ಣ ಒಳಗಿನಿಂದ ಹೊಳೆಯುತ್ತಿತ್ತು, ದಾರ ಹಾಗೆ ಹೊಳೆಯದು. ಪರದೆಯಲ್ಲಿ ಕಂಡದ್ದಕ್ಕಿಂತ ಒಂದು ಪಾಲು ಗಾಢವಾದದ್ದನ್ನು ತೆಗೆದುಕೊಂಡರೆ ಕಣ್ಣಿಗೆ ಸರಿಹೋಗುತ್ತದೆ. ಇನ್ನೊಂದು ಮಾತು. ಈ ಪಾತ್ರಗಳ ಹಕ್ಕು ಕಂಪೆನಿಗಳಿಗೆ ಸೇರಿದ್ದು. ಮನೆಗಾಗಿ, ಮಕ್ಕಳಿಗಾಗಿ ಹೊಲಿಯೋಣ. ಮಾರುವ ಯೋಚನೆ ಬೇಡ.

ಎಣಿಸುವ ಕೈಗಳು

ಇದೆಲ್ಲ ಪರದೇಶದಿಂದ ಬಂದ ಹೊಸ ಸಂಗತಿ ಎಂದು ಅನಿಸಬಹುದು. ಆದರೆ ಎಣಿಸಿ ಹೊಲಿಯುವ ವಿದ್ಯೆಗೆ ಯಾರೂ ಒಬ್ಬರೇ ಒಡೆಯರಲ್ಲ. ನಮ್ಮ ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಮೆಂತಿ ಎಂಬುದು ಕ್ರಾಸ್ ಸ್ಟಿಚ್ಚೇ. ಫೆಲೆಸ್ತೀನಿನ ಹೆಂಗಸರು ತಮ್ಮ ಉಡುಪಿನ ಎದೆಯ ಮೇಲೆ ಇದೇ ಹೊಲಿಗೆಯಿಂದ ನಮೂನೆ ಹಾಕುತ್ತಾರೆ. ಊರು ಬದಲಾದಂತೆ ನಮೂನೆಯೂ ಬದಲು. ಆ ಕಲೆಯನ್ನು 2021ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆ ಕಳೆದುಕೊಂಡವರೂ ತಮ್ಮ ಊರಿನ ನಮೂನೆಯನ್ನು ಮರೆತಿಲ್ಲ.

ಕಸುಬುಗಳು ಸಾಯುವುದು ಕೈಗಳಿಗೆ ಶಕ್ತಿ ಇಲ್ಲದೆ ಅಲ್ಲ. ಇದು ನನ್ನದೂ ಹೌದು ಎಂದು ಮಕ್ಕಳಿಗೆ ಅನಿಸದೆ ಹೋದಾಗ ಅವು ಸಾಯುತ್ತವೆ. ನಿಶಿಜಿನ್‌ನ ಖಾಲಿ ಮಗ್ಗಗಳ ದುಃಖ ಅದು. ನನ್ನ ಮಗನನ್ನು ಕೂರಿಸಿ ಗುಲಾಬಿ ಹೊಲಿ ಎಂದಿದ್ದರೆ ಅವನು ಎದ್ದು ಹೋಗುತ್ತಿದ್ದ. ತನಗೆ ಪ್ರಿಯವಾದದ್ದನ್ನು ಹೊಲಿಯುತ್ತಾ ಹೋದಾಗ ಲೆಕ್ಕ, ತಾಳ್ಮೆ, ಬಿಚ್ಚಿ ಮತ್ತೆ ಹಾಕುವ ಅಭ್ಯಾಸ ಎಲ್ಲವೂ ಹಿಂದಿನಿಂದ ಬಂದವು. ಅವನು ಸಾಲು ಓದುತ್ತಿದ್ದ, ನಾನು ಹೊಲಿಯುತ್ತಿದ್ದೆ. ಮರುದಿನ ನಾನು ಓದುತ್ತಿದ್ದೆ, ಅವನು ಹೊಲಿಯುತ್ತಿದ್ದ. ನಡುವೆ ಶಾಲೆಯ ವಿಷಯ ಬಂತು, ಗೆಳೆಯನೊಬ್ಬನ ಜೊತೆ ಮಾತು ಬಿಟ್ಟ ಸಂಗತಿ ಬಂತು. ಎದುರು ಕೂತು ಕೇಳಿದ್ದರೆ ಇವು ಹೊರಗೆ ಬರುತ್ತಿರಲಿಲ್ಲ. ಇಬ್ಬರ ಕಣ್ಣೂ ಬಟ್ಟೆಯ ಮೇಲೆ ಇದ್ದದ್ದರಿಂದ ಬಂದವು.

ಹನ್ನೊಂದನೆಯ ದಿನ ಪೆಟ್ಟಿಗೆ ಮುಗಿಯಿತು. ತವರಿಗೆ ಹೋದಾಗ ಅವನು ಅದನ್ನು ನನ್ನ ಉಮ್ಮನ ಕೈಗೆ ಕೊಟ್ಟ. ಹಳೆಯ ಕಾಲದ ಹೆಂಗಸರು ಕಸೂತಿ ನೋಡುವ ಕ್ರಮವೇ ಬೇರೆ. ಉಮ್ಮ ಮುಂಬದಿಯನ್ನು ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು, ಬಟ್ಟೆಯನ್ನು ತಿರುಗಿಸಿ, ಹಿಂಬದಿಯ ಮೇಲೆ ಬೆರಳಾಡಿಸಿದರು. "ಇಲ್ಲಿ ಎರಡು ಸಾಲಿನಲ್ಲಿ ದಾರ ಸಡಿಲ ಬಿಟ್ಟಿದ್ದೀಯಲ್ಲಾ ಮೋನೇ," ಎಂದರು. ಆಮೇಲೆ ಮುಂಬದಿಗೆ ತಿರುಗಿಸಿ, "ಪ್ರಶ್ನೆಯೊಂದೇ ಇದೆ, ಉತ್ತರ ಎಲ್ಲಿ?" ಎಂದು ಕೇಳಿದರು. ಒಳಗೆ ನಾಣ್ಯ ಇರುತ್ತದೆ, ಗುದ್ದಿದರೆ ಬರುತ್ತದೆ ಎಂದು ಅವನು ವಿವರಿಸಿದ. ಉಮ್ಮ ಅದನ್ನು ಎರಡು ಸಲ ಮೆಲ್ಲಗೆ ತಟ್ಟಿ ನೋಡಿ ನಕ್ಕರು. ಸಡಿಲವಾಗಿದ್ದ ಆ ಎರಡು ಸಾಲುಗಳನ್ನು ಮಗ ಅಲ್ಲಿಯೇ ಅವರ ಪಕ್ಕದಲ್ಲಿ ಕೂತು ಬಿಚ್ಚಿದ, ಮತ್ತೆ ಹಾಕಿದ.